ಮೂರಲ್ಲ ಸಾರ್, ನಾಲ್ಕು ಗಾಲಿ!

ಓದುಗರ ಪತ್ರ: “ಹೋದ ತಿಂಗಳು ನೀವು ಹಾಕಿದ ಡೆಲ್ಟಾವಿಂಗ್ ಫೋಟೋ ನೋಡಿ ನಗು ಬಂತು. ಮೂರು ಗಾಲಿ ರೇಸ್ ಕಾರಂತೆ! ಮೂತಿ ಅಷ್ಟು ಸಣ್ಣ ಇದ್ರೆ ತಿರುವಲ್ಲಿ ಮಗುಚಲ್ವಾ? 2012ರ ಲೆ ಮಾನ್ಸ್ 24 ಗಂಟೆ ರೇಸ್‌ನಲ್ಲಿ ಅರ್ಧಕ್ಕೇ ನಿಂತುಹೋಯ್ತು ಬೇರೆ. ಇಂಥದ್ದಕ್ಕೆ ಎರಡು ಪುಟ ಯಾಕೆ ದಂಡ?” – ಹಾಸನದಿಂದ ಒಬ್ಬರು

ಸಂಪಾದಕರ ಉತ್ತರ:

ಮೊದಲು ತಪ್ಪೊಪ್ಕೊಂಡ್ಬಿಡ್ತೀನಿ. ಫೋಟೋ ಕೆಳಗೆ “ಮೂರು ಗಾಲಿ” ಅಂತ ಬರೆದಿದ್ದು ನಾನೇ, ಅವಸರದಲ್ಲಿ. ಅದಕ್ಕಿರೋದು ನಾಲ್ಕು. ಮುಂದಿನ ಎರಡು ಗಾಲಿ ಬರೀ ಎರಡಡಿ ಅಂತರದಲ್ಲಿ ಒತ್ತೊತ್ತಾಗಿ ಕೂತಿವೆ, ಹಿಂದಿನವು ಐದೂವರೆ ಅಡಿ ಅಗಲಕ್ಕೆ, ದೂರದಿಂದ ನೋಡಿದ್ರೆ ಯಾರಿಗಾದ್ರೂ ಆಟೋ ನೆನಪಾಗುತ್ತೆ. ತಮಾಷೆ ಅಂದ್ರೆ ಮಿಶೆಲಿನ್‌ನವರು ಮುಂದಕ್ಕೆ ಮಾಡ್ಕೊಟ್ಟ ಟೈರು ನಾಲ್ಕೇ ಇಂಚು ಅಗಲ, ಹೆಚ್ಚುಕಮ್ಮಿ ನಮ್ಮ ಆಟೋ ಟೈರಿನಷ್ಟೇ!

ಹಂಗಿದ್ರೆ ತಿರುಗೋದು ಹೆಂಗೆ? ಬೆನ್ ಬೌಲ್ಬಿ ಅನ್ನೋ ಡಿಸೈನರ್ ಇಂಜಿನ್ನು, ಗೇರ್‌ಬಾಕ್ಸು, ಡ್ರೈವರು ಎಲ್ಲಾನೂ ಹಿಂದಕ್ಕೆ ತಳ್ಳಿ ಶೇ. 70ಕ್ಕಿಂತ ಜಾಸ್ತಿ ಭಾರ ಹಿಂದಿನ ಗಾಲಿ ಮೇಲೇ ಕೂರಿಸಿಬಿಟ್ಟ, ಮುಂದೆ ಹೊರೆನೇ ಇಲ್ಲ ಅಂದ್ಮೇಲೆ ಮೂತಿ ತಿರುಗಿಸೋಕೆ ದಪ್ಪ ಟೈರು ಯಾಕೆ ಬೇಕು ಹೇಳಿ. ತಿರುವಲ್ಲಿ ಮಗುಚದಂತೆ ತಡೆಯೋದೂ ಆ ಅಗಲದ ಹಿಂಭಾಗವೇ. ಹೆಸರಲ್ಲಿ “ವಿಂಗ್” ಇದ್ರೂ ಹಿಂದೆ ದೊಡ್ಡ ರೆಕ್ಕೆ ಇಲ್ಲ, ಕಾರನ್ನ ರೋಡಿಗೆ ಒತ್ತಿ ಹಿಡಿಯೋ ಕೆಲಸ ಹೊಟ್ಟೆ ಕೆಳಗೆ ಹಾಯೋ ಗಾಳಿದು. ತೂಕ 475 ಕೆಜಿ ಆಸುಪಾಸು, ಮಾರುತಿ 800ಗಿಂತ ಹಗುರ ಸ್ವಾಮಿ, ಆ ವರ್ಷ ಲೆ ಮಾನ್ಸ್‌ನ ಅತಿ ವೇಗದ ದರ್ಜೆಯಾದ ಎಲ್‌ಎಂಪಿ1 ಕಾರುಗಳು ಕಮ್ಮಿ ಅಂದ್ರೂ 900 ಕೆಜಿ ಇರ್ಬೇಕಿತ್ತು. ಇಂಜಿನ್ ನಿಸ್ಸಾನ್ ಹೆಸರಿನ 1.6 ಲೀಟರ್ ಟರ್ಬೊ, ಸುಮಾರು 300 ಎಚ್‌ಪಿ. ಇಷ್ಟರಲ್ಲೇ ರೇಸ್‌ಗೆ ಮುಂಚಿನ ಕ್ವಾಲಿಫೈಯಿಂಗ್‌ನಲ್ಲಿ 29ನೇ ಜಾಗ ತಗೊಂತು, 56 ಕಾರುಗಳ ನಡುವೆ.

ಇನ್ನು ನಿಂತುಹೋದ ವಿಷಯ. ಅದು ತಾನಾಗೇ ಕೆಟ್ಟು ನಿಂತಿದ್ದಲ್ಲ ಸಾರ್! 75 ಲ್ಯಾಪ್ ಆದ್ಮೇಲೆ ಪೋರ್ಷೆ ಕರ್ವ್ಸ್ ಅನ್ನೋ ತಿರುವುಗಳ ಹತ್ರ ಟೊಯೋಟಾವೊಂದು ತಾಗಿ ಡೆಲ್ಟಾವಿಂಗ್ ಗೋಡೆಗೆ ಹೋಗಿ ಹೊಡೀತು. ಅದರೊಳಗಿದ್ದ ಡ್ರೈವರ್ ಸತೋಶಿ ಮೊಟೊಯಾಮಾ. ಟ್ರ್ಯಾಕಲ್ಲಿ ನಿಂತ ಕಾರನ್ನ ಡ್ರೈವರ್ ಬಿಟ್ಟು ಬೇರೆ ಯಾರೂ ಮುಟ್ಟಂಗಿಲ್ಲ, ರೂಲ್ಸು. ಮೆಕ್ಯಾನಿಕ್‌ಗಳು ಬೇಲಿ ಆಚೆ ನಿಂತು ಅದು ಬಿಚ್ಚು ಇದು ಬಿಚ್ಚು ಅಂತ ಹೇಳ್ತಾ ಇದ್ರೆ ಈ ಮನುಷ್ಯ ಒಬ್ನೇ ಹೆಚ್ಚುಕಮ್ಮಿ ಒಂದೂವರೆ ಗಂಟೆ ಒದ್ದಾಡಿದ. ರಿಪೇರಿ ಮಾಡೋ ಪಿಟ್‌ವರೆಗಾದ್ರೂ ತೆವಳಿಸ್ಕೊಂಡು ಹೋಗೋಣ ಅಂತ. ಆಗ್ಲಿಲ್ಲ. ಅದೂ ಎಂಥಾ ಕಾರಿಗೆ, “ಗ್ಯಾರೇಜ್ 56” ಅಂತ ಪ್ರಯೋಗಕ್ಕೇ ಅಂತ ಕೊಟ್ಟ ಜಾಗದಲ್ಲಿ ಓಡ್ತಿದ್ದ ಸೊನ್ನೆ ನಂಬರಿನ ಕಾರು, ಕೊನೇವರೆಗೂ ಓಡಿದ್ರೂ ಬಹುಮಾನದ ಲೆಕ್ಕಕ್ಕೇ ಬರ್ತಿರ್ಲಿಲ್ಲ!

ಅದೇ ಅಕ್ಟೋಬರ್‌ನಲ್ಲಿ ಅಮೆರಿಕದ ಪೆಟಿಟ್ ಲೆ ಮಾನ್ಸ್ ರೇಸ್‌ಗೆ ಮತ್ತೆ ಬಂದು ಒಟ್ಟಾರೆ ಐದನೇದಾಗಿ ಮುಗಿಸ್ತು, ಫೇಲ್ ಅಂತೀರಾ ಇನ್ನೂ? ಎರಡು ಪುಟ ದಂಡ ಅಂದ್ರಲ್ಲ, ನಂಗೆ ಮೂರನೇ ಪುಟ ಸಿಕ್ಕಿದ್ರೆ ಬೇಲಿ ಪಕ್ಕ ಕೂತ ಆ ಮೊಟೊಯಾಮಾ ಫೋಟೋನೇ ಪೂರ್ತಿ ಹಾಕ್ತಿದ್ದೆ.