ಕಷ್ಟ ಗಟ್ಟಿ ಮಾಡುತ್ತದೆ ಅಂತ ಅಮ್ಮನನ್ನು ಒಬ್ಬರೇ ಬಿಡಬೇಡಿ

ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ ಬಂದ ಮೇಲೆ ಅಮ್ಮ ಇಡೀ ದಿನ ಮೊಬೈಲಿನಲ್ಲಿ ಸಾಲ, ಜಪ್ತಿಯ ಸುದ್ದಿಯನ್ನೇ ನೋಡುತ್ತಾರೆ, ಫೋನ್ ತೆಗೆದಿಡಲಾ, ಇಲ್ಲ ಕಷ್ಟ ಮನುಷ್ಯನನ್ನು ಗಟ್ಟಿ ಮಾಡುತ್ತದೆ ಅಂತ ಸುಮ್ಮನಿರಲಾ ಅಂತ ಕೇಳಿದ್ದೀರಿ. ಎರಡೂ ಬೇಡ. 2020ರಲ್ಲಿ ನಮ್ಮ ಮನೆಯಲ್ಲಿ ಆದದ್ದು ಇದೇ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಅಪ್ಪನಿಗೆ ಸಕ್ಕರೆ ಕಾಯಿಲೆ. ಕಾಲಿನಲ್ಲಿ ಒಂದು ಗಾಯ ಆಗಿ ಮಂಗಳೂರಿನಲ್ಲಿ ತೋರಿಸುತ್ತಿದ್ದೆವು. ನಮ್ಮ ಕಡೆಯವರಿಗೆ ದೊಡ್ಡ ಆಸ್ಪತ್ರೆ ಅಂದರೆ ಮಂಗಳೂರೇ ಅಲ್ವಾ. ಮಾರ್ಚ್ ಕೊನೆಗೆ ಕೊರೊನಾ ಅಂತ ಕರ್ನಾಟಕದವರು ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದರು. ಮಂಗಳೂರಿಗೆ ಹೋಗುವ ದಾರಿಯ ಗಡಿ ತಲಪಾಡಿಯಲ್ಲಿ ರೋಗಿಗಳನ್ನು ತಡೆದರು, ಸಮಯಕ್ಕೆ ಚಿಕಿತ್ಸೆ ಸಿಗದೆ ಕೆಲವರು ತೀರಿಕೊಂಡರು. ಅದು ಸುಳ್ಳು ಸುದ್ದಿಯಲ್ಲ, ಆದದ್ದೇ.

ಅಪ್ಪನಿಗೆ ಫೋನಿನ ಸಣ್ಣ ಅಕ್ಷರ ಕಾಣುವುದಿಲ್ಲ. ಹಾಗಾಗಿ ನಾನೇ ಓದಿ ಹೇಳುತ್ತಿದ್ದೆ. ಊರಲ್ಲಿ ಏನಾಗುತ್ತಿದೆ ಅಂತ ಅವರಿಗೂ ಗೊತ್ತಿರಬೇಕಲ್ಲ ಅಂತ ನನ್ನ ಯೋಚನೆ. ಬೆಳಿಗ್ಗೆ ಮಲಯಾಳ ಚಾನೆಲಿನಲ್ಲಿ ಒಂದು ಆಂಬುಲೆನ್ಸ್ ವಾಪಸ್ ಹೋದದ್ದು ಬರುತ್ತಿತ್ತು. ಮಧ್ಯಾಹ್ನ ಅದೇ ಆಂಬುಲೆನ್ಸ್ ಕನ್ನಡ ಚಾನೆಲಿನಲ್ಲಿ. ಸಂಜೆ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಅಳುವ ದನಿ ಸೇರಿಸಿದ ಅದೇ ವಿಡಿಯೋ. ಅಪ್ಪ ಪ್ರತಿ ಸಲ "ಇನ್ನೊಂದಾ?" ಅಂತ ಕೇಳುತ್ತಿದ್ದರು. ನಾನು "ಹೂಂ" ಅಂತಿದ್ದೆ. ಇದು ಬೆಳಗ್ಗಿನದ್ದೇ ಅಪ್ಪ, ಬೇರೆ ಅಲ್ಲ ಅಂತ ಹೇಳುವುದು ನನಗೆ ಹೊಳೆಯಲೇ ಇಲ್ಲ. ನನ್ನ ತಲೆಯಲ್ಲಿ ಅದು ಒಂದು ಘಟನೆ. ಅಪ್ಪನ ಲೆಕ್ಕದಲ್ಲಿ ದಿನಕ್ಕೆ ಮೂರು ನಾಲ್ಕು ಜನ ತಲಪಾಡಿಯಲ್ಲಿ ಸಾಯುತ್ತಿದ್ದರು.

ಇನ್ನೂ ಒಂದುಂಟು. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟ್ ರಸ್ತೆ ತೆರವು ಮಾಡಲು ಹೇಳಿತು. ಏಪ್ರಿಲ್ 7ಕ್ಕೆ, ರೋಗಿಗಳನ್ನು ತಲಪಾಡಿಯಲ್ಲಿ ದಾಟಿಸಲು ಎರಡೂ ರಾಜ್ಯಗಳು ಒಂದು ಕ್ರಮ ಒಪ್ಪಿಕೊಂಡಿವೆ ಅಂತ ಸುಪ್ರೀಂ ಕೋರ್ಟಿಗೆ ತಿಳಿಸಿದರು. ಈ ಸುದ್ದಿಯನ್ನೂ ಓದಿದೆ, ಆದರೆ ಒಂದೇ ಸಲ. ಇದಕ್ಕೆ ವಿಡಿಯೋ ಇರಲಿಲ್ಲ, ಯಾರೂ ಫಾರ್ವರ್ಡ್ ಮಾಡಲಿಲ್ಲ. ಕೆಟ್ಟದ್ದನ್ನು ಅಷ್ಟು ಸಲ ಕೇಳಿದ ಕಿವಿಗೆ ಒಂದು ಸಲದ ಒಳ್ಳೆಯದು ಎಲ್ಲಿ ಸಾಲುತ್ತದೆ?

ಗಾಯ ಕಪ್ಪಾಗುತ್ತಾ ಬಂತು. ಗಡಿ ದಾಟುವ ಕಾಗದ ಮಾಡಿಸಿ ಹೋಗೋಣ ಅಂದರೆ ಅಪ್ಪ ಏಳಲಿಲ್ಲ. "ತಲಪಾಡಿಯಲ್ಲೇ ನನ್ನ ಕತೆ ಮುಗೀತದೆ ಮಾರಾಯ, ಮನೆಯಲ್ಲೇ ಇರ್ತೇನೆ" ಅಂದರು. ಮಳೆಗಾಲ ಹಿಡಿದ ಮೇಲೆ ಹೊರಟದ್ದು. ಎರಡು ಬೆರಳು ತೆಗೆಯಬೇಕಾಯಿತು. ಬೇಗ ಬಂದಿದ್ದರೆ ಉಳಿಸಬಹುದಿತ್ತು ಅಂತ ಡಾಕ್ಟರು ಹೇಳಿದರು.

ಈಗ ನಿಮ್ಮ 'ಕಷ್ಟ ಗಟ್ಟಿ ಮಾಡುತ್ತದೆ' ಮಾತಿಗೆ ಬರುತ್ತೇನೆ. ನಮ್ಮಪ್ಪ ಅಡಿಕೆಯ ಕೊಳೆರೋಗಕ್ಕೆ ಇಡೀ ಫಸಲು ಹೋದದ್ದು ನೋಡಿದವರು, ಸಾಲ ತೀರಿಸಿ ಮೇಲೆ ಬಂದವರು. ಆ ಗಟ್ಟಿತನ ಎಲ್ಲಿ ಹೋಯಿತು? 2010ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಬದುಕಿನಲ್ಲಿ ಸ್ವಲ್ಪ ಕಷ್ಟ ಕಂಡವರು ಏನೂ ಕಷ್ಟ ಕಾಣದವರಿಗಿಂತ ಚೆನ್ನಾಗಿದ್ದರು. ಕಷ್ಟ ತೀರಾ ಜಾಸ್ತಿ ಆದವರು ಹಾಗಿರಲಿಲ್ಲ. ಜನ ಮೊದಲರ್ಧ ಮಾತ್ರ ಹೇಳುತ್ತಾರೆ. 2013ರಲ್ಲಿ ಬೋಸ್ಟನ್ ಮ್ಯಾರಥಾನಿನಲ್ಲಿ ಬಾಂಬ್ ಸಿಡಿದಾಗಲೂ ಸಂಶೋಧಕರು ವಿಚಾರಿಸಿದ್ದರು. ಮುಂದಿನ ವಾರ ದಿನಕ್ಕೆ ಆರು ಗಂಟೆ ಅಥವಾ ಜಾಸ್ತಿ ಆ ಸುದ್ದಿಯನ್ನೇ ನೋಡಿದವರು, ಸ್ಥಳದಲ್ಲೇ ಇದ್ದವರಿಗಿಂತ ಹೆಚ್ಚು ಆತಂಕ ಹೇಳಿಕೊಂಡರಂತೆ. ಅಪ್ಪ ಆ ದಿನಗಳಲ್ಲಿ ತಲಪಾಡಿಗೆ ಹೋಗಿಯೇ ಇರಲಿಲ್ಲ. ಜಗಲಿಯಲ್ಲಿ ಕುಳಿತೇ ಅಲ್ಲಿ ದಿನಾ ಸಾಯುತ್ತಿದ್ದರು.

ಕುಂಬಳೆ ಸೀಮೆಯ ನಾವು ದುಃಖದ ಕತೆ ಕೇಳಿಯೇ ಬೆಳೆದವರು. ಯಕ್ಷಗಾನದ ಹರಿಶ್ಚಂದ್ರನ ಪ್ರಸಂಗಕ್ಕೆ ಅಪ್ಪ ರಾತ್ರಿಯಿಡೀ ಕೂರುತ್ತಿದ್ದರು, ಹೆದರಿ ಮನೆಗೆ ಬಂದವರಲ್ಲ. ಆ ಕತೆ ಸ್ಮಶಾನದವರೆಗೆ ಹೋದರೂ ಅಲ್ಲೇ ಬಿಟ್ಟುಹೋಗುವುದಿಲ್ಲ. ಜೊತೆಗೆ ಕುಳಿತು ನೋಡುವ ನೂರು ಜನ ಇರುತ್ತಾರೆ. ವಾಟ್ಸಾಪಿನ ತುಣುಕು ಸ್ಮಶಾನದಲ್ಲೇ ನಿಂತುಬಿಡುತ್ತದೆ, ನೋಡುವವರೂ ಒಬ್ಬರೇ.

ಅದಕ್ಕೇ ಫೋನ್ ಕಿತ್ತುಕೊಳ್ಳಬೇಡಿ. ಅಮ್ಮನ ಪಕ್ಕ ಕುಳಿತು ನೀವೂ ನೋಡಿ. ಇದು ಯಾವ ಊರಿನದ್ದಮ್ಮ, ನಿನ್ನೆ ನೋಡಿದ್ದೇ ಅಲ್ವಾ, ಆಮೇಲೆ ಅವರಿಗೆ ಏನಾಯಿತಂತೆ ಅಂತ ಕೇಳಿ. ನಿಮ್ಮ ಮನೆಯ ಹಿಂದಿನ ಕಷ್ಟದ ವರ್ಷ ಯಾವುದು, ಹೇಗೆ ದಾಟಿದಿರಿ ಅಂತ ಅವರ ಬಾಯಿಂದಲೇ ಹೇಳಿಸಿ. ಅಪ್ಪ ಆಸ್ಪತ್ರೆಗೆ ಹೊರಟದ್ದೂ ಹಾಗೆಯೇ. ನನ್ನ ಸೋದರಮಾವ ಬಂದು ಆ ಕೊಳೆರೋಗದ ವರ್ಷದ ಮಾತು ಎತ್ತಿದರು. ಅಪ್ಪ ಸಂಜೆಯವರೆಗೆ ಅದನ್ನೇ ಹೇಳಿದರು, ಮರುದಿನ ಕಾರು ಹತ್ತಿದರು. ನಾನು ಅದನ್ನು ಏಪ್ರಿಲಿನಲ್ಲೇ ಕೇಳಬಹುದಿತ್ತು.

ಸಾಲದ ವಿಷಯಕ್ಕೆ ಅಮ್ಮನನ್ನೂ ಕರೆದುಕೊಂಡು ಬ್ಯಾಂಕಿಗೆ ಹೋಗಿ, ಎಷ್ಟು ಬಾಕಿ ಅಂತ ಬರೆಸಿಕೊಂಡು ಬನ್ನಿ. ಈಗ ಅವರ ಮನಸ್ಸಿನಲ್ಲಿರುವುದು ವಿಡಿಯೋದವರ ಸಾಲ. ರೋಗದ ಎಲೆಯ ಫೋಟೋ ಹಿಡಿದು ಕಾಸರಗೋಡಿನ ಸಿಪಿಸಿಆರ್‌ಐ ಅನ್ನುವ ತೋಟದ ಬೆಳೆಗಳ ಸಂಶೋಧನಾ ಕೇಂದ್ರಕ್ಕೆ ಹೋಗಿ, ಅಡಿಕೆಯ ವಿಜ್ಞಾನಿಗಳು ಅಲ್ಲೇ ಇದ್ದಾರೆ. ಅಮ್ಮ ಊಟ, ನಿದ್ದೆ ಬಿಟ್ಟಿದ್ದರೆ ಮಾತ್ರ ಇದಕ್ಕೆಲ್ಲ ಕಾಯಬೇಡಿ. ಟೆಲಿ ಮಾನಸ್ ಅಂತ ಸರ್ಕಾರದ ಉಚಿತ ಸಹಾಯವಾಣಿ ಉಂಟು, ನಂಬರು 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು.