ಓದುಗರ ಪ್ರಶ್ನೆ: ಸಂಬಳದ ತಾರೀಖಿಲ್ಲದ ದುಡಿಮೆ

ಪ್ರಶ್ನೆ: ಮೈಸೂರಿನಲ್ಲಿ ಬೈಕ್ ಮೇಲೆ ಊಟ ಡೆಲಿವರಿ ಮಾಡುತ್ತೇನೆ. ದಿನಕ್ಕೆ ಸರಾಸರಿ 1,100 ರೂಪಾಯಿ ಬೀಳುತ್ತದೆ. ಪೆಟ್ರೋಲ್ ಕಳೆದರೂ ತಿಂಗಳಿಗೆ ಇಪ್ಪತ್ತು ಸಾವಿರ ಉಳಿಯಬೇಕು. ದುಶ್ಚಟ ಯಾವುದೂ ಇಲ್ಲ. ಆದರೂ ಕೈಯಲ್ಲಿ ಕಾಸು ನಿಲ್ಲುತ್ತಿಲ್ಲ, ಯಾಕೆ? – ಹೆಬ್ಬಾಳದ ಓದುಗರು

ಉತ್ತರ: ದುಡ್ಡು ನಿಮ್ಮ ಬೈಕಿಗೆ ಹೋಗುತ್ತಿದೆ. ನೀವು ಪೆಟ್ರೋಲ್ ಒಂದನ್ನೇ ಖರ್ಚು ಅಂದುಕೊಂಡಿದ್ದೀರಿ. ಪ್ರತಿ ಕಿಲೋಮೀಟರಿನ ಲೆಕ್ಕ ಹಾಕಿ ನೋಡೋಣ. ಲೀಟರಿಗೆ 103 ರೂಪಾಯಿ, ಊರೊಳಗಿನ ಓಡಾಟಕ್ಕೆ 45 ಕಿ.ಮೀ. ಮೈಲೇಜ್ ಎಂದಿಟ್ಟುಕೊಂಡರೆ ಪೆಟ್ರೋಲಿಗೆ 2 ರೂಪಾಯಿ 30 ಪೈಸೆ. ಮೂರು ಸಾವಿರ ಕಿ.ಮೀ.ಗೊಮ್ಮೆ 450 ರೂಪಾಯಿಯ ಆಯಿಲ್ ಹಾಕಿಸಿದರೆ 15 ಪೈಸೆ. ಎರಡು ಟೈರಿಗೆ 4,000, ಅವು ಇಪ್ಪತ್ತು ಸಾವಿರ ಕಿ.ಮೀ. ಬಾಳಿದರೆ 20 ಪೈಸೆ. ಚೈನ್ ಸೆಟ್ 10 ಪೈಸೆ. ಬ್ರೇಕ್ ಶೂ, ಕ್ಲಚ್ ಪ್ಲೇಟ್, ಪಂಕ್ಚರ್ ಎಲ್ಲ ಸೇರಿ 15. ಇನ್ಶೂರೆನ್ಸ್ ಮತ್ತು ಎಮಿಷನ್ 10. ಇಷ್ಟಕ್ಕೇ ಮೂರು ರೂಪಾಯಿ ಆಯಿತು. ಇನ್ನು 90 ಸಾವಿರಕ್ಕೆ ಕೊಂಡ ಗಾಡಿ ಲಕ್ಷ ಕಿ.ಮೀ. ಓಡಿದ ಮೇಲೆ 30 ಸಾವಿರಕ್ಕೆ ಹೋದರೆ ಕಿ.ಮೀ.ಗೆ 60 ಪೈಸೆ ಸವಕಳಿ. ಒಟ್ಟು 3 ರೂಪಾಯಿ 60 ಪೈಸೆ. ನಿಮ್ಮ ಗಾಡಿಯ ಬೆಲೆ, ಮೈಲೇಜ್ ಬೇರೆ ಇದ್ದರೆ ಅದರಂತೆ ತಿದ್ದಿಕೊಳ್ಳಿ.

ದಿನಕ್ಕೆ 120 ಕಿ.ಮೀ. ಓಡಿಸಿದರೆ ಖರ್ಚು 432. ಇದರಲ್ಲಿ ಪೆಟ್ರೋಲಿನ 276 ಮಾತ್ರ ಅಂದಂದೇ ಜೇಬಿನಿಂದ ಹೋಗುತ್ತದೆ. ಉಳಿದ 156 ಜೇಬಿನಲ್ಲೇ ಇರುವುದರಿಂದ ಸಂಪಾದನೆಯಂತೆ ಕಾಣುತ್ತದೆ, ಮನೆಗೆ ಖರ್ಚಾಗುತ್ತದೆ. 25 ದಿನಕ್ಕೆ ಅದು 3,900. ಟೈರ್ ಸವೆದ ದಿನ, ಇನ್ಶೂರೆನ್ಸ್ ಕಟ್ಟಬೇಕಾದ ದಿನ ಸಾಲ ಮಾಡಬೇಕಾಗುವುದು ಇದಕ್ಕೇ. ನಿಮ್ಮ ನಿಜವಾದ ದುಡಿಮೆ ದಿನಕ್ಕೆ 668, ತಿಂಗಳಿಗೆ 16,700. ಮನೆ ಖರ್ಚನ್ನು ಈ ಅಂಕಿಗೆ ಹೊಂದಿಸಿಕೊಳ್ಳಿ.

ಇನ್ನೊಂದು ಉಳಿತಾಯ ಖಾತೆ ತೆರೆಯಿರಿ, ಅದನ್ನು ಯುಪಿಐಗೆ ಜೋಡಿಸಬೇಡಿ. ವಾರದ ಪೇಮೆಂಟ್ ಬಂದ ದಿನ ಮೀಟರ್ ನೋಡಿ, ಎಷ್ಟು ಕಿ.ಮೀ. ಓಡಿದೆಯೋ ಅದಕ್ಕೆ ಪೆಟ್ರೋಲ್ ಬಿಟ್ಟು ಉಳಿದ ಖರ್ಚು 1 ರೂಪಾಯಿ 30 ಪೈಸೆಯಂತೆ ಆ ಖಾತೆಗೆ ಹಾಕಿ. 720 ಕಿ.ಮೀ. ಆದರೆ 936 ರೂಪಾಯಿ. ಆ್ಯಪ್ ತೋರಿಸುವ ಕಿ.ಮೀ. ನಂಬಬೇಡಿ. ಇಲವಾಲದ ಕಡೆ ಆರ್ಡರ್ ಕೊಟ್ಟು ಖಾಲಿ ವಾಪಸ್ ಬರುವ ದಾರಿ ಅದರಲ್ಲಿ ಇರುವುದಿಲ್ಲ. ಆರ್ಡರ್ ಒಪ್ಪುವಾಗಲೂ ಇದೇ ಲೆಕ್ಕ: 30 ರೂಪಾಯಿಯ ಆರ್ಡರಿಗೆ ಹೋಗಲು 4 ಕಿ.ಮೀ., ಖಾಲಿ ವಾಪಸ್ 3 ಕಿ.ಮೀ. ಆದರೆ ಗಾಡಿಗೇ 25 ರೂಪಾಯಿ ಆಯಿತು, ಅರ್ಧ ಗಂಟೆಯ ದುಡಿಮೆಗೆ ನಿಮಗೆ ದಕ್ಕಿದ್ದು ಐದು. ಇನ್ಸೆಂಟಿವ್ ಮುಟ್ಟಲು ಅಂಥದೊಂದು ಆರ್ಡರ್ ಬೇಕಾದರೆ ಆಯಿತು, ದಿನವಿಡೀ ಅವೇ ಆದರೆ ಬೇಡ. ಅಂದಹಾಗೆ, ನಿಮ್ಮ ಇನ್ಶೂರೆನ್ಸ್ ಪಾಲಿಸಿ ಸ್ವಂತ ಬಳಕೆಗೆ ಮಾತ್ರವೋ, ಡೆಲಿವರಿ ಕೆಲಸಕ್ಕೂ ಅನ್ವಯಿಸುತ್ತದೋ ಇವತ್ತೇ ತೆಗೆದು ಓದಿ. ಕ್ಲೇಮ್ ತಕರಾರಾಗುವುದು ಹೆಚ್ಚಾಗಿ ಅಲ್ಲೇ.

ಪ್ರಶ್ನೆ: ಮಂಡ್ಯದಲ್ಲಿ ಮದುವೆ ಫೋಟೊ, ವಿಡಿಯೊ ಮಾಡುತ್ತೇನೆ. ಆಷಾಢ ಬಂದರೆ ಕೈ ಖಾಲಿ, ಧನುರ್ಮಾಸದಲ್ಲೂ ಅದೇ ಕತೆ. ಆರು ತಿಂಗಳ ಖರ್ಚು ಎತ್ತಿಡಿ ಅನ್ನುತ್ತಾರೆ, ಅಷ್ಟು ಎಲ್ಲಿಂದ ತರುವುದು? – ಗುತ್ತಲು ರಸ್ತೆಯ ಓದುಗರು

ಉತ್ತರ: ಆ ಆರು ತಿಂಗಳ ಮಾತು ಸಂಬಳದವರಿಗೆ ಹೇಳಿದ್ದು. ಅವರ ಕೆಲಸ ಯಾವಾಗ ಹೋಗುತ್ತದೆಂದು ಗೊತ್ತಿರುವುದಿಲ್ಲ. ನಿಮ್ಮ ಬರಗಾಲ ಪಂಚಾಂಗದಲ್ಲೇ ಅಚ್ಚಾಗಿರುತ್ತದೆ. ಎರಡು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು, ಕೆಲಸದ ಖರ್ಚು ಕಳೆದು, ತಿಂಗಳಿಗೆ ಎಷ್ಟು ಉಳಿಯಿತೆಂದು ಒಂದೇ ಹಾಳೆಯಲ್ಲಿ ಬರೆಯಿರಿ. ಮನೆ ಖರ್ಚಿಗಿಂತ ಕಡಿಮೆ ಬಂದ ತಿಂಗಳುಗಳು ಒಟ್ಟೊಟ್ಟಿಗೆ ಎಲ್ಲಿ ಬರುತ್ತವೆ ನೋಡಿ. ಮನೆ ಖರ್ಚು 22,000 ಎಂದಿರಲಿ. ಆಷಾಢದಲ್ಲಿ 4,000, ಶ್ರಾವಣದಲ್ಲಿ 12,000, ಭಾದ್ರಪದದಲ್ಲಿ 8,000 ಬಂದಿದ್ದರೆ ಕೊರತೆ 18, 10, 14, ಒಟ್ಟು 42 ಸಾವಿರ. ಜ್ಯೇಷ್ಠ ಮುಗಿಯುವಾಗ ಖಾತೆಯಲ್ಲಿ ಇರಬೇಕಾದ್ದು ಇಷ್ಟು, ಆರು ತಿಂಗಳ ಖರ್ಚಾದ 1,32,000 ಅಲ್ಲ. ಧನುರ್ಮಾಸಕ್ಕೂ ಹೀಗೇ ಬೇರೆಯಾಗಿ ಹಾಕಿ. ಕ್ಯಾಮೆರಾ ಕೆಳಗೆ ಬಿದ್ದರೆ, ಕೈ ಮುರಿದರೆ ಅಂತ ಇಡುವ ದುಡ್ಡನ್ನು ಇದರ ಜೊತೆ ಬೆರೆಸಬೇಡಿ.

ಅಧಿಕ ಮಾಸವನ್ನು ಹೆಚ್ಚಿನವರು ಮರೆಯುತ್ತಾರೆ. ಅದು 32–33 ತಿಂಗಳಿಗೊಮ್ಮೆ ಬರುತ್ತದೆ. 2023ರಲ್ಲಿ ಅಧಿಕ ಶ್ರಾವಣವಿತ್ತು, ಅದು ಹೇಗೂ ಮಳೆಗಾಲದಲ್ಲಿ ಹೋಯಿತು. 2026ರದ್ದು ಅಧಿಕ ಜ್ಯೇಷ್ಠ, ಮೇ ಮಧ್ಯದಿಂದ ಜೂನ್ ಮಧ್ಯದವರೆಗೆ. ಮದುವೆ ಸೀಸನ್ನಿನ ಒಂದು ತಿಂಗಳನ್ನೇ ನುಂಗುವ ಅಧಿಕ ಮಾಸ ಇದು. ಅಂಥ ವರ್ಷಕ್ಕೆ ಕೊರತೆಯ ಪಟ್ಟಿಯಲ್ಲಿ ಇನ್ನೊಂದು ಸಾಲು ಸೇರಿಸಿ.

ನಿಮ್ಮ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ತೊಂದರೆ ಅಡ್ವಾನ್ಸ್. 60,000ದ ಆರ್ಡರಿಗೆ 20,000 ಅಡ್ವಾನ್ಸ್ ಬರುತ್ತದೆ. ಜೊತೆಗೆ ಬರುವ ಹುಡುಗರ ಕೂಲಿ, ಡ್ರೋನ್ ಬಾಡಿಗೆ, ಎಡಿಟಿಂಗ್, ಆಲ್ಬಮ್ ಸೇರಿ ಖರ್ಚೇ 28,000 ಎಂದರೆ ಆ ಇಪ್ಪತ್ತರಲ್ಲಿ ನಿಮ್ಮದು ಒಂದು ರೂಪಾಯಿಯೂ ಇಲ್ಲ. ಅದನ್ನು ಮಾಘದಲ್ಲಿ ದಿನಸಿಗೆ ಬಳಸಿದರೆ ವೈಶಾಖದ ಮದುವೆಗೆ ಇನ್ನೊಬ್ಬರ ಅಡ್ವಾನ್ಸ್ ಹಾಕಬೇಕು. ಆಷಾಢ ಬಂದು ಹೊಸ ಬುಕಿಂಗ್ ನಿಂತ ಕೂಡಲೇ ಈ ಸರಪಳಿ ಕಡಿಯುತ್ತದೆ. ಮುಹೂರ್ತದ ದಿನದವರೆಗೆ ಅಡ್ವಾನ್ಸ್ ಮುಟ್ಟಬೇಡಿ.

ಕಂತನ್ನೂ ಬದಲಿಸಿ: ಬುಕಿಂಗಿಗೆ ಶೇ 30, ಮದುವೆಗೆ ವಾರ ಮುಂಚೆ ಶೇ 50, ಉಳಿದ ಶೇ 20 ಫೋಟೊಗಳ ಪೆನ್‌ಡ್ರೈವ್ ಕೊಡುವಾಗ. ಬಾಕಿಯನ್ನು ಆಲ್ಬಮ್ ಕೊಡುವ ದಿನಕ್ಕೆ ಇಟ್ಟುಕೊಂಡರೆ ಕೆಟ್ಟಿರಿ. ಫೋಟೊ ಆರಿಸಿಕೊಡಲು ಹುಡುಗಿ ಮನೆಯವರು ಹುಡುಗನ ಮನೆಗೆ, ಅವರು ಇವರಿಗೆ ಅಂತ ತಿಂಗಳುಗಟ್ಟಲೆ ತಳ್ಳುತ್ತಾರೆ. 30 ದಿನದೊಳಗೆ ಆರಿಸಿಕೊಡದಿದ್ದರೆ ನೀವೇ ಆರಿಸಿ ಆಲ್ಬಮ್ ಮಾಡುತ್ತೀರೆಂದು ಬಿಲ್ಲಿನಲ್ಲೇ ಬರೆದು ಸಹಿ ಹಾಕಿಸಿಕೊಳ್ಳಿ.

ಪ್ರಶ್ನೆ: ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮೂರು ಸಂಘದ ಸಾಲದ ಕಂತು ವಾರಕ್ಕೆ 1,100 ಕಟ್ಟಬೇಕು. ಇನ್ನೊಂದು ದೊಡ್ಡ ಸಾಲ ಕೊಟ್ಟು ಇವನ್ನೆಲ್ಲ ತೀರಿಸುತ್ತೇವೆ ಎನ್ನುತ್ತಿದ್ದಾರೆ. ತೆಗೆದುಕೊಳ್ಳಬಹುದೇ? – ಕೆ.ಆರ್. ಪೇಟೆಯ ಓದುಗರು

ಉತ್ತರ: ಸದ್ಯಕ್ಕೆ ಬೇಡಮ್ಮ. ಮೊದಲು ಕಂತಿನ ನಿಜವಾದ ಭಾರ ತಿಳಿದುಕೊಳ್ಳಿ. ವಾರಕ್ಕೆ 1,100 ಅಂದರೆ ತಿಂಗಳಿಗೆ 4,400 ಅಲ್ಲ. ವರ್ಷಕ್ಕೆ 52 ವಾರ, 57,200 ರೂಪಾಯಿ. ತಿಂಗಳಿಗೆ 4,767. ಐದು ವಾರದ ತಿಂಗಳಲ್ಲಿ ಇಕ್ಕಟ್ಟಾಗುವುದು ಇದರಿಂದಲೇ. ವರಮಹಾಲಕ್ಷ್ಮಿ, ಗೌರಿ ಹಬ್ಬ, ದಸರಾ ಹೊಲಿಗೆ ದುಡ್ಡು ಬಂದಾಗ ಮೂರಕ್ಕೂ ಹಂಚಬೇಡಿ. ಯಾವುದರಲ್ಲಿ ಕಡಿಮೆ ಕಂತು ಉಳಿದಿದೆಯೋ ಅದನ್ನು ಪೂರ್ತಿ ಮುಗಿಸಿ. ವಾರದ ಹೊರೆ ಆ ಕ್ಷಣದಿಂದಲೇ ಇಳಿಯುತ್ತದೆ. ಮೈಕ್ರೊಫೈನಾನ್ಸ್ (ಸಂಘದ ಮೂಲಕ ಕೊಡುವ ಸಣ್ಣ ಸಾಲದ ಕಂಪನಿ) ಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ. ಮನೆಯ ಎಲ್ಲ ಸಾಲಗಳ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ಮೀರಬಾರದು, ವಸೂಲಿಗೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಕರೆ ಮಾಡಬಾರದು ಎಂಬುದೂ ರಿಸರ್ವ್ ಬ್ಯಾಂಕಿನ ನಿಯಮದಲ್ಲೇ ಇದೆ. ಬಲವಂತದ ವಸೂಲಿ ತಡೆಯಲು 2025ರಲ್ಲಿ ರಾಜ್ಯದ ಕಾನೂನೂ ಬಂದಿದೆ, ಬೆದರಿಸಿದರೆ ಪೊಲೀಸರಿಗೆ ದೂರು ಕೊಡಬಹುದು.

ಪ್ರಶ್ನೆ: ಸಿವಿಲ್ ಎಂಜಿನಿಯರ್, ಮನೆ ಪ್ಲಾನ್ ಮಾಡಿಕೊಡುತ್ತೇನೆ. 2025–26ರಲ್ಲಿ 7.2 ಲಕ್ಷ ಬಂತು, ಎಲ್ಲದರಲ್ಲೂ ಶೇ 10 ತೆರಿಗೆ (ಟಿಡಿಎಸ್) ಮೊದಲೇ ಹಿಡಿದಿದ್ದಾರೆ. ಆದಾಯ ಕಡಿಮೆ, ರಿಟರ್ನ್ ಹಾಕಬೇಕೇ? – ಕುವೆಂಪುನಗರದ ಓದುಗರು

ಉತ್ತರ: ಹಾಕಲೇಬೇಕು. ವರ್ಷದ ಟಿಡಿಎಸ್ 25,000 ಮುಟ್ಟಿದರೆ ರಿಟರ್ನ್ ಕಡ್ಡಾಯ, ನಿಮ್ಮದು 72,000 ಇದೆ. ಎಂಜಿನಿಯರ್ ವೃತ್ತಿಗೆ ಅಂದಾಜು ಆದಾಯ ಪದ್ಧತಿ ಅನ್ವಯಿಸುತ್ತದೆ: ಬಂದದ್ದರ ಅರ್ಧ, ಅಂದರೆ 3.6 ಲಕ್ಷವನ್ನು ಆದಾಯವೆಂದು ತೋರಿಸಿದರೆ ಸಾಕು, ಲೆಕ್ಕದ ಪುಸ್ತಕ ಬೇಡ. ಬೇರೆ ಆದಾಯ ಇಲ್ಲದಿದ್ದರೆ ಹೊಸ ತೆರಿಗೆ ಪದ್ಧತಿಯ 4 ಲಕ್ಷದ ಮಿತಿಯೊಳಗೇ ಬರುತ್ತೀರಿ, 72,000 ಪೂರ್ತಿ ವಾಪಸ್. ಫಾರಂ ಐಟಿಆರ್-4. ಹಾಕುವ ಮುಂಚೆ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನಿಮ್ಮ ಪ್ಯಾನ್ ಎದುರು 72,000 ಪೂರ್ತಿ ಕಾಣುತ್ತಿದೆಯೇ ನೋಡಿ. ಕೆಲವರು ಹಿಡಿದುಕೊಂಡು ಕಟ್ಟಿರುವುದಿಲ್ಲ, ಕೆಲವರು ಪ್ಯಾನ್ ತಪ್ಪು ಬರೆದಿರುತ್ತಾರೆ. ಅವರು ತಿದ್ದದೆ ನಿಮಗೆ ರಿಫಂಡ್ ಬಾರದು. ರಿಟರ್ನ್ ಹಾಕಿದ 30 ದಿನದೊಳಗೆ ಇ-ವೆರಿಫೈ ಮಾಡುವುದನ್ನೂ ಮರೆಯಬೇಡಿ.

ಪ್ರಶ್ನೆ: ವಯಸ್ಸು 42, ಆ್ಯಪ್‌ನಲ್ಲೂ ಸ್ಟ್ಯಾಂಡಿನಲ್ಲೂ ಆಟೊ ಓಡಿಸುತ್ತೇನೆ. ನಮ್ಮಂಥವರಿಗೆ ಪಿಎಫ್, ವಿಮೆ ಏನಾದರೂ ಇದೆಯೇ? – ನಜರ್‌ಬಾದ್‌ನ ಓದುಗರು

ಉತ್ತರ: ಮೊದಲು ಇ-ಶ್ರಮ್ ಕಾರ್ಡ್ (ಅಸಂಘಟಿತ ಕಾರ್ಮಿಕರ ಸರ್ಕಾರಿ ನೋಂದಣಿ) ಮಾಡಿಸಿ, ದುಡ್ಡು ಕೇಳಿದರೆ ಕೊಡಬೇಡಿ. ಆ್ಯಪ್ ಮೂಲಕ ದುಡಿಯುವವರಿಗಾಗಿ ರಾಜ್ಯದಲ್ಲಿ 2025ರ ಗಿಗ್ ಕಾರ್ಮಿಕರ ಕಾಯ್ದೆ ಇದೆ. ನಿಮಗೆ ಸಿಗುವ ಪಾವತಿಯ ಶೇ 1ರಿಂದ 5ರಷ್ಟನ್ನು ಕಂಪನಿಯೇ ಕಲ್ಯಾಣ ನಿಧಿಗೆ ಕಟ್ಟಬೇಕು, ಖಾತೆ ಮುಚ್ಚುವುದಾದರೆ ಕಾರಣ ಬರೆದು 14 ದಿನ ಮುಂಚೆ ತಿಳಿಸಬೇಕು. ಅಟಲ್ ಪಿಂಚಣಿಗೆ 40ರ ಮಿತಿ ಇರುವುದರಿಂದ ಅದು ನಿಮಗಿಲ್ಲ. ಪಿಪಿಎಫ್ (ಯಾರು ಬೇಕಾದರೂ ತೆರೆಯಬಹುದಾದ ದೀರ್ಘಾವಧಿ ಉಳಿತಾಯ ಖಾತೆ) ಸರಿಹೊಂದುತ್ತದೆ: ವರ್ಷಕ್ಕೆ ಕನಿಷ್ಠ 500, ಗರಿಷ್ಠ 1.5 ಲಕ್ಷ, ತಿಂಗಳ ಕಂತಿನ ಕಟ್ಟುಪಾಡಿಲ್ಲ. ಆಷಾಢ ಶುಕ್ರವಾರ, ದಸರಾದಲ್ಲಿ ಕೈತುಂಬಾ ದುಡಿದಾಗ ಹಾಕಿ, ಮಿಕ್ಕ ತಿಂಗಳು ಬಿಡಿ. ತಿಂಗಳ 5ನೇ ತಾರೀಖಿನೊಳಗೆ ಹಾಕಿದರೆ ಆ ತಿಂಗಳ ಬಡ್ಡಿಯೂ ಸೇರುತ್ತದೆ.

ವಿಮೆಗೆ ಬ್ಯಾಂಕಿನಲ್ಲೇ ಎರಡಿವೆ: ವರ್ಷಕ್ಕೆ 20 ರೂಪಾಯಿಯ ಅಪಘಾತ ವಿಮೆ, 436 ರೂಪಾಯಿಯ ಜೀವ ವಿಮೆ, ಎರಡೂ 2 ಲಕ್ಷಕ್ಕೆ. ಜೀವ ವಿಮೆಗೆ 50 ತುಂಬುವುದರೊಳಗೆ ಸೇರಬೇಕು. ಎರಡರ ಅವಧಿಯೂ ಜೂನ್ 1ರಿಂದ ಮೇ 31. ಮೇ ಕೊನೆಗೆ ಪ್ರೀಮಿಯಂ ತಾನಾಗಿ ಕಡಿತವಾಗುವಾಗ ಖಾತೆಯಲ್ಲಿ ಹಣ ಇಲ್ಲದಿದ್ದರೆ ವಿಮೆ ನಿಲ್ಲುತ್ತದೆ, ಮನೆಯವರಿಗೆ ಗೊತ್ತಾಗುವುದು ಕ್ಲೇಮಿಗೆ ಹೋದಾಗ. ಶಾಲೆ ಫೀಸು, ಪುಸ್ತಕ ಅಂತ ಖಾತೆ ಬರಿದಾಗುವುದೂ ಅದೇ ವಾರ. ಮೇ 20ಕ್ಕೇ 500 ರೂಪಾಯಿ ಹಾಕಿಟ್ಟು, ಕಡಿತವಾದ ಮೆಸೇಜ್ ಬಂತೇ ನೋಡಿ. ನಾಮಿನಿ ಹೆಸರು ಖಾಲಿ ಬಿಟ್ಟಿದ್ದರೆ ಅದನ್ನೂ ಆಗಲೇ ತುಂಬಿಸಿ.