ಕಲಬುರಗಿಯಲ್ಲಿ ಟ್ರಾನ್ಸ್‌ಜೆಂಡರ್ ವಿದ್ಯಾರ್ಥಿನಿಗೆ ನೆಮ್ಮದಿಯಿಂದ ಓದೋ ಕಾಲೇಜು ಯಾವುದು?

ಯಾದಗಿರಿಯಾಗ ಪಿಯುಸಿ ಮುಗಿಸೀನಿ, ಬಿ.ಎ.ಗೆ ಕಲಬುರಗಿಗೆ ಬರ್ತೀನಿ, ಟ್ರಾನ್ಸ್ ಹುಡುಗಿ ಅಂತ ಗೊತ್ತಾದ ಮ್ಯಾಲೂ ನೆಟ್ಟಗ ನಡೆಸಿಕೊಳ್ಳೋ ಕಾಲೇಜಿನ ಹೆಸರು ಹೇಳ್ರಿ ಅಂತ ಕೇಳೀರಿ. ನಾನು ಅತಿಥಿ ಉಪನ್ಯಾಸಕಿ. ವರ್ಷಾ ವರ್ಷಾ ನಮ್ಮನ್ನ ಕಾಲೇಜುಗಳಿಗೆ ಹಂಚೋ ಕೌನ್ಸೆಲಿಂಗ್ ಎಲ್ಲಿಗೆ ಕಳಿಸ್ತದೋ ಅಲ್ಲಿಗೆ ಹೋಗೋರು ನಾವು, ಹಂಗಾಗಿ ಈ ಕಡೆ ಕಾಲೇಜುಗಳ ಆಫೀಸು, ವರಾಂಡ ಬಹಳ ನೋಡೀನಿ. ಆದ್ರೂ ಒಂದು ಹೆಸರು ಹಿಡದು ಹೇಳಂಗಿಲ್ಲ. ಪ್ರಿನ್ಸಿಪಾಲ್ರು ವರ್ಗ ಆದ್ರ ಕಾಲೇಜಿನ ಗುಣಾನೂ ಅವರ ಸಂಗಟ ವರ್ಗ ಆಗ್ತದ.

ಸೇರಿಸಿಕೊಳ್ಳಂಗಿಲ್ಲ ಅಂತ ಯಾರೂ ಹೇಳೋ ಹಂಗಿಲ್ಲ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆ ಕಾಯ್ದೆ ಪ್ರಕಾರ ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರೋ ಸಂಸ್ಥೆ ಭೇದ ಮಾಡಬಾರದು. ಖರೇ ಪರೀಕ್ಷೆ ಸೀಟು ಸಿಕ್ಕ ಮ್ಯಾಲ ಶುರು. ಅದಕ್ಕ ಅಡ್ಮಿಷನ್ ಟೈಮಿನಾಗ ಒಂದಿನ ಹೋಗಿ ನೋಡ್ರಿ. ಪ್ರಿನ್ಸಿಪಾಲ್ರನ್ನ ಕೇಳಬ್ಯಾಡ್ರಿ, ಅವರು ಚೆಂದನೇ ಮಾತಾಡ್ತಾರ. ಕೌಂಟರಿನ ಗುಮಾಸ್ತರನ್ನ ಕೇಳ್ರಿ: ಹಾಜರಿಯಾಗ ಯಾವ ಹೆಸರು ಕರೀತೀರಿ? ನಾ ಯಾವ ಶೌಚಾಲಯಕ್ಕ ಹೋಗ್ಲಿ? ಉತ್ತರಕ್ಕಿಂತ ಅವರ ಮಾರಿ ನೋಡ್ರಿ. ಶೌಚಾಲಯದ ಮಾತು ಸಣ್ಣದಲ್ಲ. ಎಷ್ಟೋ ಕಡೆ ಹೆಣ್ಮಕ್ಕಳ ಶೌಚಾಲಯಕ್ಕೇ ಬೀಗ, ಕೀಲಿಕೈ ಸ್ಟಾಫ್ ರೂಮಿನಾಗ. ಅಲ್ಲಿ ಹೋಗಿ ಕೇಳಲಾರದ ಹುಡುಗ್ಯಾರು ದಿನಪೂರ್ತಿ ನೀರು ಕುಡಿಯಂಗಿಲ್ಲ. 40 ಡಿಗ್ರಿ ದಾಟೋ ಊರಾಗ ಅದೆಂಥ ಹಿಂಸೆ!

ಹಾಸ್ಟೆಲ್ ದೊಡ್ಡ ಗೋಳು. ಗಂಡು, ಹೆಣ್ಣು ಅಂತ ಎರಡೇ ಬಾಗಿಲು. ಎಲ್ಲೂ ಆಗಲಿಲ್ಲ ಅಂದ್ರ ಯಾದಗಿರಿಯಿಂದನೇ ಓಡಾಡ್ರಿ, ವಾಡಿ ಮ್ಯಾಲೆ ರೈಲದ, ಪಾಸು ಮಾಡಿಸ್ರಿ.

ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಾನೂ ಯೋಚನೆ ಮಾಡ್ರಿ. ಸಿಯುಇಟಿ ಅನ್ನೋ ದೇಶಮಟ್ಟದ ಪ್ರವೇಶ ಪರೀಕ್ಷೆ ಬರೀಬೇಕು, ಅರ್ಜಿ ಶುಲ್ಕದಾಗ ತೃತೀಯ ಲಿಂಗಿಗಳಿಗೆ ರಿಯಾಯಿತಿ ಅದ. ಹೊರರಾಜ್ಯದ ಹುಡುಗರು ಬರೋ ಜಾಗ, ನೀವು ಯಾರ ಮನೆಯವರು ಅಂತ ಕೆದಕೋರು ಕಡಿಮಿ. ನನಗಂತೂ ಅದು ದೊಡ್ಡ ಅನುಕೂಲ ಅನಸ್ತದ.

ಕಾಗದ ಮೊದಲೇ ಸರಿ ಮಾಡ್ಕೋರಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಆಧಾರ್, 371ಜೆ (ಕಲ್ಯಾಣ ಕರ್ನಾಟಕದವರ ಮೀಸಲಾತಿ) ಪ್ರಮಾಣಪತ್ರ, ಒಂದೊಂದರಾಗ ಒಂದೊಂದು ಹೆಸರಿದ್ರ ಕೌಂಟರಿನಾಗೇ ತಕರಾರು. ಜಿಲ್ಲಾಧಿಕಾರಿ ಕೊಡೋ ಟ್ರಾನ್ಸ್‌ಜೆಂಡರ್ ಗುರುತಿನ ಪತ್ರಕ್ಕ ಕೇಂದ್ರದ ಪೋರ್ಟಲಿನಾಗ ಮನೀಂದನೇ ಅರ್ಜಿ ಹಾಕಬಹುದು. ಇನ್ನ ಟ್ರಾನ್ಸ್‌ಜೆಂಡರ್ ಮಂದಿಗೆ ಇರೋ 1% ಮೀಸಲಾತಿ, ರಾಜ್ಯ ಸರ್ಕಾರ 2021ರಾಗ ಕೊಟ್ಟಿದ್ದು, ಅದು ಸರ್ಕಾರಿ ನೌಕರಿಗೆ, ಕಾಲೇಜು ಸೀಟಿಗಲ್ಲ. ಸೀಟಿಗೂ ಅದ ಅಂತ ಏಜೆಂಟರು ಹೇಳಿದ್ರ ನಂಬಬ್ಯಾಡ್ರಿ.

ಯಾರರೆ ಕಾಡಿದ್ರ ಅದು ರ‍್ಯಾಗಿಂಗ್. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2016ರಾಗ ಟ್ರಾನ್ಸ್‌ಜೆಂಡರ್ ಅಂತ ಹೀಯಾಳಿಸೋದನ್ನೂ, ದೂರ ಇಡೋದನ್ನೂ ನಿಯಮದಾಗ ಸೇರಿಸ್ಯದ. ಸಹಾಯವಾಣಿ 1800-180-5522. ಕಾಲೇಜಿಗೆ ದೂರು ಕೊಟ್ರ ಬರದೇ ಕೊಡ್ರಿ, ಸ್ವೀಕೃತಿ ಸಹಿ ತಗೋರಿ.

ಅಂದಹಾಗ, ಬಿ.ಎ.ದಾಗ ಯಾವ ವಿಷಯ ತಗೋತೀರಿ ಅಂತ ಬರದಿಲ್ಲ ನೋಡ್ರಿ ತಂಗಿ. ಅದನ್ನ ತಿಳಿಸ್ರಿ, ಆ ವಿಷಯಕ್ಕ ಎಲ್ಲಿ ಪಾಠ ಮಾಡೋರು ಇದ್ದಾರ, ಎಲ್ಲಿ ಖುರ್ಚಿ ಖಾಲಿ ಅದ ಅಂತ ಹೇಳ್ತೀನಿ.